ಹುಳುಮನೆಯ ದಾರಿಯ ಪಾಚಿ

ಆಯುಧಪೂಜೆ ಮುಗಿದು ನಾಲ್ಕೈದು ದಿನವಾಗಿತ್ತು. ಹಿಂಗಾರು ಹಿಡಿದುಕೊಂಡಿತ್ತು. ನನ್ನಂಥವರಿಗೆ ಅದೇ ಸುಗ್ಗಿಕಾಲ. ಕೊಳ್ಳೇಗಾಲದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ನೀರಿನ ಟ್ಯಾಂಕ್ ತೊಳೆಯುವುದು, ತಾರಸಿಯ ಸೋರಿಕೆ ನಿಲ್ಲಿಸುವುದು, ಅಂಗಳ, ಮೆಟ್ಟಿಲು, ಕಾಂಪೌಂಡಿನ ಪಾಚಿ ತೆಗೆಯುವುದು, ಇಷ್ಟೇ ನನಗೆ ಗೊತ್ತಿರುವ ವಿದ್ಯೆ. ಮಳೆ ಶುರುವಾದರೆ ಮನೆಗೊಬ್ಬರು ಜಾರಿ ಬೀಳುತ್ತಾರೆ, ಬಿದ್ದ ಮೇಲೆ ನನಗೆ ಫೋನ್ ಮಾಡುತ್ತಾರೆ. ಬೀಳುವುದಕ್ಕೆ ಮೊದಲೇ ಕರೆದವರನ್ನು ನಾನಿನ್ನೂ ನೋಡಿಲ್ಲ.

ಆ ಸಲ ಬಿದ್ದವರು ಯಳಂದೂರು ರಸ್ತೆಯ ಒಂದು ಹಳ್ಳಿಯಲ್ಲಿ ರೇಷ್ಮೆ ಬೆಳೆಯುವ ಮನೆಯ ಯಜಮಾನಿ. ಬಲಗೈ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಅದೇ ವಾರ ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಮರಿಹುಳುಗಳು ಮನೆಗೆ ಬರುವುದಿತ್ತು. ರೇಷ್ಮೆ ಹುಳು ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ ಮಂಕಾಗಿ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ವಾರವಿಡೀ ಎಡೆಬಿಡದೆ ತಿಂದು ಆಮೇಲೆ ಗೂಡು ಕಟ್ಟುತ್ತದೆ. ಆ ಒಂದು ವಾರ ಮನೆಯವರಿಗೆ ಕೂರಲು ಪುರುಸೊತ್ತಿರುವುದಿಲ್ಲ.

ಹೋಗಿ ನೋಡಿದೆ. ಮನೆಯ ಹಿಂದೆ ಹುಳುಮನೆ, ಅದರಾಚೆಗೆ ಹಿಪ್ಪುನೇರಳೆ ತೋಟ. ತೋಟದಿಂದ ಹುಳುಮನೆಯ ಬಾಗಿಲವರೆಗೆ ಚಪ್ಪಡಿ ಕಲ್ಲು ಹಾಸಿದ ಮೂವತ್ತು ಹೆಜ್ಜೆಯ ದಾರಿ. ಒಂದು ಮಗ್ಗುಲಿಗೆ ಹುಳುಮನೆಯ ಗೋಡೆ, ಇನ್ನೊಂದು ಮಗ್ಗುಲಿಗೆ ಹಿಪ್ಪುನೇರಳೆ ಸಾಲುಗಳು, ಮೇಲೆ ಒಂದು ಹೊಂಗೆ ಮರದ ನೆರಳು. ಗೋಡೆಯ ಬುಡದಲ್ಲಿ ಮಖಮಲ್ಲಿನಂಥ ದಪ್ಪ ಪಾಚಿ, ಕಲ್ಲಿನ ಮೇಲೆ ಕಪ್ಪು ಹಸಿರು ಬಣ್ಣದ ತೆಳ್ಳನೆಯ ಲೋಳೆ. ಜನ ಹೆದರುವುದು ಮೆತ್ತನೆಯದಕ್ಕೆ, ಬೀಳಿಸುವುದು ಲೋಳೆ.

"ಕೊನೇ ವಾರ ದಿನಕ್ಕೆ ಮೂರು ಸಲ ಸೊಪ್ಪು ಒರ್ಬೇಕು ಸಾ," ಎಂದರು ಯಜಮಾನರು. "ತಲೆ ಮ್ಯಾಲೆ ಒರೆ ಇಟ್ಕಂಡು ಈ ಜಾರ್‌ಬಂಡೆ ಮ್ಯಾಲೆ ನಡಿಯಕಾದ್ದಾ? ಇನ್ನೊಬ್ರು ಬಿದ್ರೆ ಬೆಳೆ ಓಯ್ತು ಅಂತ್ಲೇ ಲೆಕ್ಕ."

"ಯೋಚ್ನೆ ಬುಡಿ, ನಾಲ್ಕನೇ ಜ್ವರ ಏಳೋ ಒತ್ಗೆ ಬರಿಗಾಲಲ್ಲಿ ಓಡಾಡ್ಬೋದು," ಎಂದೆ. ನನ್ನ ನಾಲಿಗೆಗೆ ಯಾವತ್ತೂ ಕೈಗಿಂತ ವೇಗ ಜಾಸ್ತಿ.

ಯಜಮಾನಿಯ ಕೈ ಆಗದಿದ್ದರಿಂದ ಯಜಮಾನರು ತಮ್ಮ ತಂಗಿಯನ್ನು ಕರೆಸಿಕೊಂಡಿದ್ದರು. ಆಕೆಯನ್ನು ಕೊಟ್ಟಿರುವುದು ಹನೂರು ತಾಲ್ಲೂಕಿನ ಬಂಡಳ್ಳಿಗೆ. ಅಲ್ಲಿಯ ಮುಸುಕಿನ ಜೋಳದ ಕೊಯ್ಲನ್ನು ಗಂಡನ ತಲೆಗೆ ಹಾಕಿ, ಅತ್ತಿಗೆಗೆ ಕೈ ಆಗುವುದಿಲ್ಲವಲ್ಲ ಎಂದು ತವರಿಗೆ ಬಂದಿದ್ದರು. ಸೊಪ್ಪು ಕೊಯ್ಯುವುದು, ಹೊರುವುದು, ಹುಳುವಿಗೆ ಹಾಕುವುದು, ಹುಳುಗಳ ಅಡಿಯ ಹಾಸಿಗೆ ಬದಲಿಸುವುದು, ಎಲ್ಲ ಅವರದೇ. ನಾನು ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕೆರೆಯುತ್ತಿದ್ದಾಗ ಅವರು ಖಾಲಿ ಚೀಲ ಹಿಡಿದು ಪಕ್ಕದಲ್ಲೇ ನಿಂತರು.

"ಸಾ, ಈ ಪಾಚಿ ಗ್ವಾಡೆ ಪಕ್ದಲ್ಲೇ ಯಾಕ್ ಕಟ್ಟದೆ? ಆಚೆ ಮಗ್ಗುಲು ಒಣಿಕಂಡದಲ್ಲ. ನೀರು ಎಲ್ಲಿಂದ ಬತ್ತದೆ ನೋಡುದ್ರಾ?"

"ಮ್ಯಾಲಿಂದ ಬತ್ತದೆ ಕಣಮ್ಮ. ಮಳೆಗಾಲ ಅಲ್ವಾ?"

ನನ್ನ ಜೋಕಿಗೆ ನಾನೇ ನಕ್ಕೆ, ಯಜಮಾನರೂ ನಕ್ಕರು. ಆಕೆ ಒಂದು ನಗೆ ನಕ್ಕು ತೋಟಕ್ಕೆ ಹೋದರು. ಆ ಕೆಲಸದಲ್ಲಿ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ. ಅದನ್ನು ನಾನು ಹೀಗೆ ನಕ್ಕು ಕಳೆದೆ.

ಮೊದಲ ದಿನ ಬ್ಲೀಚಿಂಗ್ ಪೌಡರ್ ಬಳಸಿದೆ. ಹುಳು ತರುವ ಮುಂಚೆ ಹುಳುಮನೆ ತೊಳೆಯಲು ತಂದಿದ್ದ ಪೌಡರ್ ಮನೆಯಲ್ಲೇ ಉಳಿದಿತ್ತು. ಬಕೆಟ್ಟಿನಲ್ಲಿ ಕಲಸಿ, ಕಲ್ಲಿಗೆ ಸುರಿದು, ಅರ್ಧ ಗಂಟೆ ಬಿಟ್ಟು ತೆಂಗಿನ ನಾರಿನ ಬ್ರಷ್‌ನಲ್ಲಿ ಉಜ್ಜಿದೆ. ಸಂಜೆಗೆ ಹಸಿರೆಲ್ಲ ಬಿಳುಚಿಕೊಂಡಿತು, ಯಜಮಾನಿ ಬಾಗಿಲಲ್ಲಿ ನಿಂತು ನೋಡಿ ಸಮಾಧಾನಪಟ್ಟರು. ಎರಡೇ ದಿನಕ್ಕೆ ಯಜಮಾನರ ಫೋನು. ಸೋನೆ ಬಿದ್ದು ಕಲ್ಲು ಮೊದಲಿಗಿಂತ ಜಾರುತ್ತಿದೆ, ತಾವೇ ಜಾರಿ ಕೂತುಬಿಟ್ಟದ್ದಾಗಿ ಹೇಳಿದರು. ಸತ್ತ ಲೋಳೆ ಕಲ್ಲಿನ ಸಣ್ಣ ಸಣ್ಣ ಗುಳಿಗಳಲ್ಲಿ ಹಾಗೇ ಕೂತಿತ್ತು. ಬಣ್ಣ ಹೋಗಿತ್ತು, ಜಾರಿಕೆ ಹೋಗಿರಲಿಲ್ಲ.

ಎರಡನೇ ಸಲ ಪ್ರೆಶರ್ ಗನ್ ತೆಗೆದುಕೊಂಡು ಹೋದೆ. ಗನ್ ಬಿಟ್ಟರೆ ಪಾಚಿ ಚಾಪೆಯಂತೆ ಎದ್ದು ಬರುತ್ತದೆ, ನೋಡುವವರಿಗೆ ಮಜಾ. ಆದರೆ ಅದರ ಜೊತೆಗೆ ಕಲ್ಲಿನ ಸಂದಿಗೆ ತುಂಬಿದ್ದ ಗಾರೆಯೂ ಎದ್ದು ಹೋಯಿತು. ಗಾರೆ ಹೋದ ಸಂದಿಯಲ್ಲಿ ನೀರು ನಿಂತಿತು. ಕಿತ್ತ ಪಾಚಿಯ ಚೂರುಗಳು ಗೋಡೆಗೆಲ್ಲ ಸಿಡಿದವು, ಒಂದು ವಾರದಲ್ಲಿ ಸಿಡಿದಲ್ಲೆಲ್ಲ ಹಸಿರು ಚುಕ್ಕೆ ಎದ್ದವು. ಪಾಚಿಗೆ ಬೇರಿಲ್ಲ, ಒಂದು ಚೂರು ಬಿದ್ದರೂ ಸಾಕು ಎಂಬುದು ಇಷ್ಟು ವರ್ಷ ಪಾಚಿ ಕೆರೆದು ಬದುಕಿದ ನನಗೆ ಗೊತ್ತಿರಲಿಲ್ಲ. ಗಿಡ ಎಂದರೆ ಬೇರು, ಬೇರು ಕಿತ್ತರೆ ಮುಗಿಯಿತು ಎಂಬ ಲೆಕ್ಕದಲ್ಲೇ ಇದ್ದೆ.

ಅಷ್ಟರಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ತಂಗಿ ದಾರಿಗೆ ಮರಳು ಚೆಲ್ಲಿಕೊಂಡು, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಸೊಪ್ಪು ಹೊರುತ್ತಿದ್ದರು. ಯಜಮಾನರು ಫೋನಿನಲ್ಲಿ ಬೈಯಲಿಲ್ಲ. "ಏನಾರ ಮಾಡಿ ಸಾ," ಎಂದಷ್ಟೇ ಅಂದರು. ಬೈದಿದ್ದರೆ ನಾನು ಬಹುಶಃ ಕೆಲಸ ಬಿಟ್ಟು ಬರುತ್ತಿದ್ದೆ. ಹಾಗೆ ಅಂದದ್ದಕ್ಕೆ ನನಗೆ ಅವಮಾನವಾಯಿತು. ಇವತ್ತು ಮುಗಿಸಿಯೇ ಸಿದ್ಧ ಎಂದು ಪಾಚಿ ಸಾಯಿಸುವ ನೀಲಿ ಮೈಲುತುತ್ತ ಕಟ್ಟಿಕೊಂಡು, ಬ್ಯಾಟರಿ ಸ್ಪ್ರೇ ಕ್ಯಾನನ್ನು ಬೈಕಿಗೆ ಬಿಗಿದು ಹೊರಟೆ.

ರೇಷ್ಮೆ ಮನೆಗಳಲ್ಲಿ ಒಂದು ಪದ್ಧತಿ ಇದೆ. ಹುಳುಮನೆಗೆ ಔಷಧ ಹೊಡೆಯುವ ಕ್ಯಾನು ಬೇರೆ ಇರುತ್ತದೆ. ಅದಕ್ಕೊಂದು ಮೊಳೆ, ಮೊಳೆಯ ಮೇಲೆ ಕೆಂಪು ಬಣ್ಣದ ಗುರುತು. ಅದನ್ನು ಯಾರಿಗೂ ಎರವಲು ಕೊಡುವುದಿಲ್ಲ, ಹೊಲಕ್ಕೆ ಒಯ್ಯುವುದಿಲ್ಲ. ಹೂವಿಗೆ, ಜೋಳಕ್ಕೆ ಹೊಡೆಯುವ ಕೀಟನಾಶಕದ ವಾಸನೆ ತಾಗಿದರೂ ಹುಳು ತಡೆಯುವುದಿಲ್ಲ. ಯಜಮಾನರು ಆ ಕೆಂಪು ಗುರುತಿನ ಕ್ಯಾನನ್ನೇ ಇಳಿಸಿ ತಂದು ನನ್ನ ಮುಂದಿಟ್ಟರು. ಕೈಯಲ್ಲಿ ಪಂಪ್ ಹೊಡೆಯುವ ಹಳೇ ಕ್ಯಾನು, ವಾಷರ್ ಸವೆದು ಬೆನ್ನ ಮೇಲೆಲ್ಲ ಸೋರುತ್ತಿತ್ತು.

"ಇದ್ರಲ್ಲಿ ಸಾಯಂಕಾಲ ಆಯ್ತದೆ. ನಂದ್ರಲ್ಲಿ ಅರ್ಧ ಗಂಟೆ," ಎಂದೆ.

ಯಜಮಾನಿ ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ಹತ್ತಿರ ಬಂದರು. "ನಿಮ್ ಕ್ಯಾನಲ್ಲಿ ಬ್ಯಾರೆ ಏನಾರ ಒಡ್ದಿದ್ರಾ ಸಾ?"

ಹತ್ತು ದಿನದ ಹಿಂದೆ ನಮ್ಮ ಅರ್ಧ ಎಕರೆ ಚೆಂಡುಹೂವಿಗೆ ನುಸಿ ಬಿದ್ದಾಗ ಅದೇ ಕ್ಯಾನಿನಲ್ಲಿ ಕೀಟನಾಶಕ ಹೊಡೆದಿದ್ದೆ. ಎರಡು ಸಲ ನೀರು ಹಾಕಿ ಅಲ್ಲಾಡಿಸಿ ಚೆಲ್ಲಿದ್ದೆ, ಅಷ್ಟೇ. ಮುಚ್ಚಳ ತೆಗೆದರೆ ಪೈಪಿನಿಂದ ಇನ್ನೂ ಆ ವಾಸನೆ ಬರುತ್ತಿತ್ತು.

"ಇಲ್ಲ ಕಣಕ್ಕ. ಇದು ಪಾಚಿಗೇ ಅಂತ ಇಟ್ಕಂಡಿರದು."

ಯಾಕೆ ಹಾಗಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೂವಿಗೆ ಹೊಡೆದಿದ್ದೇನೆ ಎಂದಿದ್ದರೆ ಆಗುತ್ತಿದ್ದುದಿಷ್ಟೆ: ಸಂಜೆವರೆಗೆ ಆ ಸೋರುವ ಕ್ಯಾನು ಹೊತ್ತು ಬೆನ್ನು ನೋಯಿಸಿಕೊಳ್ಳುತ್ತಿದ್ದೆ. ಎರಡು ಸಲ ಸೋತು ಬಂದಿದ್ದೆ. ಮೂರನೇ ಸಲವೂ ಆ ಹೆಂಗಸಿನ ಮುಂದೆ ಪೆಚ್ಚಾಗಲು ಮನಸ್ಸಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ದಾರಿಯ ಪಕ್ಕದ ಮೊದಲ ಸಾಲಿಗೆ ಟಾರ್ಪಾಲು ಅಡ್ಡ ಕಟ್ಟಿದೆ. ಆ ಸಾಲಿನ ಸೊಪ್ಪನ್ನು ಈ ಬೆಳೆಗೆ ಮುಟ್ಟುವುದು ಬೇಡ ಎಂದು ಯಜಮಾನರೇ ತಂಗಿಗೆ ಹೇಳಿದರು. ಮಧ್ಯಾಹ್ನದ ಹಿಟ್ಟಿನ ಹೊತ್ತಿಗೆ ಗಾಳಿ ಎದ್ದಿತು. ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ನಿಲ್ಲಿಸಲಿಲ್ಲ. ನೀಲಿ ತುಂತುರು ಮೊದಲ ಸಾಲು ದಾಟಿ ಎಲ್ಲಿಯವರೆಗೆ ಹೋಯಿತೋ ನೋಡಲೂ ಇಲ್ಲ. ಅರ್ಧ ಗಂಟೆಯಲ್ಲಿ ಮುಗಿಸಿ, ಮುದ್ದೆ ಉಂಡು, ಜಂಬದಿಂದ ಮನೆಗೆ ಬಂದೆ. ಮರುದಿನ ಪಾಚಿ ಕಂದಿ ಕಪ್ಪಾಗಿದೆ ಎಂದು ಫೋನು ಬಂತು. ನನ್ನ ಹೆಂಡತಿಗೂ ಹೇಳಿ ಬೀಗಿದೆ.

ಮೂರನೆಯ ದಿನ ಬೆಳಿಗ್ಗೆ ಮತ್ತೆ ಫೋನು. "ಸಾ, ಹುಳ ಒಂಥರಾ ಆಡ್ತಾವೆ," ಎಂದರು ಯಜಮಾನರು. ಅವರು ನನ್ನನ್ನು ದೂರಲು ಕರೆದಿರಲಿಲ್ಲ. ಕೈಕಾಲು ಆಡದೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡುತ್ತಿದ್ದರು.

ಹುಳುಮನೆಯ ಒಳಗೆ ಹೋದೆ. ಅಟ್ಟಣಿಗೆಯ ಮೇಲೆ ಹುಳುಗಳು ತಲೆ ಎತ್ತಿ ಅತ್ತಿಂದಿತ್ತ ಒಲೆಯುತ್ತಿದ್ದವು. ಇನ್ನು ಕೆಲವು ಬಾಯಿಂದ ಹಸಿರು ರಸ ಕಕ್ಕಿ, ಮೈ ಕುಗ್ಗಿ, ಮಗ್ಗುಲಾಗಿ ಬಿದ್ದಿದ್ದವು. ಇನ್ನು ಎರಡು ದಿನಕ್ಕೆ ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಏರಬೇಕಾಗಿದ್ದ ಹುಳುಗಳು. ಬಾಗಿಲ ಕಡೆಯ ಅಟ್ಟಣಿಗೆಯಲ್ಲಿ ಪೂರ್ತಿ ಹೋಗಿದ್ದವು, ಒಳಗಿನ ಕಡೆಯವು ಇನ್ನೂ ಒದ್ದಾಡುತ್ತಿದ್ದವು. ಬಾಗಿಲ ಕಡೆಗೆ ಹಾಕಿದ್ದು ದಾರಿಗೆ ಹತ್ತಿರದ ಮೂರನೇ, ನಾಲ್ಕನೇ ಸಾಲಿನ ಸೊಪ್ಪು ಎಂದು ತಂಗಿ ಹೇಳಿದರು.

ರೇಷ್ಮೆ ಕಚೇರಿಯಿಂದ ಒಬ್ಬರು ಬಂದು ನೋಡಿದರು. ರೋಗ ಅಲ್ಲ, ಸೊಪ್ಪಿಗೆ ವಿಷ ತಾಗಿದಂತಿದೆ, ಅಕ್ಕಪಕ್ಕದಲ್ಲಿ ಯಾರಾದರೂ ಹೊಡೆದರಾ ಎಂದು ಕೇಳಿದರು.

"ಯಾರೂ ಇಲ್ಲ. ಇವ್ರು ಪಾಚಿಗೆ ಮೈಲುತುತ್ತ ಒಡುದ್ರು ಅಷ್ಟೇ. ಕ್ಯಾನೂ ಅದ್ಕೇ ಅಂತ ಇರೋದು," ಎಂದರು ಯಜಮಾನರು. ನನ್ನ ಸುಳ್ಳನ್ನು ನನ್ನ ಪರವಾಗಿ ಅವರೇ ಹೇಳಿದರು. ಬರೀ ಮೈಲುತುತ್ತಕ್ಕೆ ಹೀಗೆ ಆಗುವುದು ಅನುಮಾನ ಎಂದು ಬಂದವರು ತಲೆಯಾಡಿಸಿದರು, ಪರೀಕ್ಷೆಗೆಂದು ಸೊಪ್ಪಿನ ಕಡ್ಡಿ ಕಟ್ಟಿಸಿಕೊಂಡು ಹೋದರು. ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲು ಇದಕ್ಕಿಂತ ಸಲೀಸಾದ ಗಳಿಗೆ ಸಿಗುತ್ತಿರಲಿಲ್ಲ.

ಅವರು ಹೋದ ಮೇಲೆ ಯಜಮಾನಿ ನಾದಿನಿಯ ಕಡೆ ತಿರುಗಿದರು. "ನೀನು ಮೊನ್ನೆ ಈಚೆ ಆಗಿದ್ದೆ ಅಲ್ವಾ? ನಿಜ ಏಳು. ಒಳಕ್ ಓಗಿದ್ಯಾ?"

ಮುಟ್ಟಾದ ಹೆಂಗಸರು ಆ ಮೂರು ದಿನ ಹುಳುಮನೆಯ ಹೊಸಿಲು ತುಳಿಯುವುದಿಲ್ಲ. ತುಳಿದರೆ ಹುಳು ಕೆಡುತ್ತದೆ ಎಂದು ನಂಬುತ್ತಾರೆ, ನಂಬದವರೂ ನಡೆಸುತ್ತಾರೆ.

ತಂಗಿಯ ಮುಖ ಬಿಳುಚಿಕೊಂಡಿತು. "ನಿಮ್ ಕೈ ಆಗ್ತಿರ್ನಿಲ್ಲ ಅತ್ತಿಗೆ. ಅಣ್ಣ ಯಳಂದೂರ್ಗೆ ಓಗಿತ್ತು. ಹುಳ ಅಸ್ಕಂಡು ತಲೆ ಎತ್ತಿದ್ವು. ಒಂದ್ಸಲ ಓಗಿ ಸೊಪ್ಪಾಕ್ಬುಟ್ಟು ಬಂದೆ."

"ಆಕ್ಬುಟ್ಟು ಬಂದೆ! ನನ್ ಮನೆ ಬೆಳೆನೇ ತೆಗ್ದೆಲ್ಲ!"

"ತಪ್ಪಾಯ್ತು ಅತ್ತಿಗೆ," ಎಂದು ಆಕೆ ಅಲ್ಲೇ ಕುಸಿದು ಕೂತು ಅಳಲು ಶುರು ಮಾಡಿದರು. ಅವರು ವಾದಿಸಲಿಲ್ಲ. ತನ್ನಿಂದಲೇ ಆಯಿತು ಎಂದು ನಂಬಿಬಿಟ್ಟರು. ನಾನು ಚಪ್ಪಲಿ ಮೆಟ್ಟಿಕೊಂಡು, "ಬತ್ತೀನಿ ಯಜಮಾನ್ರೇ," ಎಂದು ಬೈಕ್ ಹತ್ತಿದೆ.

ಮರುದಿನ ಬೆಳಿಗ್ಗೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಆಕೆಯನ್ನು ಕಂಡೆ. ಹನೂರು ಬಸ್ಸಿಗೆ ಕಾಯುತ್ತ ಒಂದು ಬಟ್ಟೆ ಚೀಲ ಕಾಲ ಬಳಿ ಇಟ್ಟುಕೊಂಡು ನಿಂತಿದ್ದರು. ತವರಿನಿಂದ ಹೋಗುವ ಹೆಣ್ಣುಮಗಳ ಜೊತೆ ಬಸ್ಸು ಹತ್ತಿಸಲು ಯಾರಾದರೂ ಬರುತ್ತಾರೆ. ಆಕೆಯ ಜೊತೆ ಯಾರೂ ಇರಲಿಲ್ಲ. ನಾನು ಬೈಕ್ ತಿರುಗಿಸಿ ಇನ್ನೊಂದು ರಸ್ತೆಯಲ್ಲಿ ಹೋದೆ.

ಆಮೇಲೆ ಕ್ಯಾನನ್ನು ಹಿತ್ತಲಲ್ಲಿ ಒಡೆದು ಹಾಕಿದೆ. ಅದರಿಂದ ಯಾರಿಗೇನು ಬಂತು? ಅನ್ನ ಇಳಿಯುತ್ತಿರಲಿಲ್ಲ. ಹೆಂಡತಿ ಕೇಳಿದರೆ ಅಸಿಡಿಟಿ ಅನ್ನುತ್ತಿದ್ದೆ. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ಮೂರು ವಾರ ದೂಡಿದೆ. ಅಷ್ಟರಲ್ಲಿ ಯಜಮಾನರೇ ಫೋನ್ ಮಾಡಿ, ಪಾಚಿ ಮತ್ತೆ ಚಿಗುರುತ್ತಿದೆ ಎಂದರು. ಅಷ್ಟು ವಿಷಕ್ಕೂ ಅದು ಸತ್ತಿರಲಿಲ್ಲ.

ಆ ಸಲ ಏನನ್ನೂ ತೆಗೆದುಕೊಂಡು ಹೋಗಲಿಲ್ಲ. ದಾರಿಯ ಪಕ್ಕ ಸುಮ್ಮನೆ ಕೂತು ನೋಡಿದೆ. ಒಣಗಿ ಕಂದಿದ್ದ ಪಾಚಿಯ ಮೇಲೆ ಎರಡು ಹನಿ ನೀರು ಬಿಟ್ಟರೆ ಕಣ್ಣೆದುರಿಗೇ ಎಲೆ ಬಿಚ್ಚಿಕೊಂಡು ಹಸಿರಾಗುತ್ತಿತ್ತು. ಬೇರಿಲ್ಲದ್ದರಿಂದ ಅದು ಮೈಯಿಂದಲೇ ನೀರು ಕುಡಿಯುತ್ತದೆ. ಮಳೆ ಬಂದು ನಾಲ್ಕು ದಿನವಾಗಿದ್ದರೂ ಗೋಡೆಯ ಬುಡ ಒದ್ದೆ ಇತ್ತು. ತಂಗಿ ಮೊದಲ ದಿನ ಕೇಳಿದ ಪ್ರಶ್ನೆ ಆಗ ನೆನಪಿಗೆ ಬಂತು. ಏಣಿ ಹಾಕಿ ಹುಳುಮನೆಯ ಮೇಲಕ್ಕೆ ಹತ್ತಿದೆ. ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ಬಾಲ್‌ಕಾಕ್ ಪೂರ್ತಿ ಮುಚ್ಚುತ್ತಿರಲಿಲ್ಲ. ತುಂಬಿ ಹರಿದ ನೀರು ಪೈಪಿನಿಂದ ಆಚೆ ಬೀಳದೆ ಗೋಡೆಯ ಬೆನ್ನಿಗೇ ಇಳಿದು, ಬುಡದಲ್ಲಿ ಇಂಗಿ, ಚಪ್ಪಡಿಗಳ ಸಂದಿಯಲ್ಲಿ ಒಸರುತ್ತಿತ್ತು. ಕಲ್ಲುಗಳ ಇಳಿಜಾರೂ ಗೋಡೆಯ ಕಡೆಗೇ ಇತ್ತು.

ಬಾಲ್‌ಕಾಕ್ ಬದಲಿಸಿದೆ. ಓವರ್‌ಫ್ಲೋ ಪೈಪಿಗೆ ಎಲ್ಬೋ ಹಾಕಿ ನೀರನ್ನು ತೋಟಕ್ಕೆ ತಿರುಗಿಸಿದೆ. ಚಪ್ಪಡಿಗಳನ್ನು ಎಬ್ಬಿಸಿ, ತೋಟದ ಕಡೆಗೆ ಇಳಿಜಾರು ಕೊಟ್ಟು ಮತ್ತೆ ಕೂರಿಸಿದೆ. ಕಲ್ಲುಕುಟಿಗರೊಬ್ಬರನ್ನು ಕರೆಸಿ ಕಲ್ಲಿನ ಮೇಲೆ ಉಳಿಯಿಂದ ಗೀರು ಹೊಡೆಸಿದೆ. ಹೊಂಗೆಯ ಎರಡು ಕೊಂಬೆ ಕಡಿದು ಬಿಸಿಲು ಬಿಟ್ಟುಕೊಟ್ಟೆ. ಉಳಿದ ಪಾಚಿಯನ್ನು ಕೆರೆದು, ಗುಡಿಸಿ, ಚೀಲದಲ್ಲಿ ತುಂಬಿ ಆಚೆ ಸಾಗಿಸಿದೆ. ಮೂರು ದಿನದ ಕೆಲಸ. ಔಷಧ ಒಂದು ಹನಿಯೂ ಬೇಕಾಗಲಿಲ್ಲ.

ಹದಿನೈದು ದಿನ ಬಿಟ್ಟು ಹೋದಾಗ ದಾರಿ ಒಣಗಿ ಬೆಳ್ಳಗಿತ್ತು. ಯಜಮಾನರು ಪಕ್ಕದ ಮನೆಯವರನ್ನು ಕರೆತಂದು, "ಇವ್ರೇ ಕಣ್ರಿ, ಕೆಲ್ಸ ಅಂದ್ರೆ ಇದು," ಎಂದು ನನ್ನನ್ನು ತೋರಿಸಿದರು. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಪಕ್ಕದ ಮನೆಯವರು ಹೋಗುವವರೆಗೆ ಕಾದು, ಕ್ಯಾನಿನ ವಿಷಯ, ಚೆಂಡುಹೂವಿನ ವಿಷಯ, ಗಾಳಿಯ ವಿಷಯ ಎಲ್ಲ ಹೇಳಿದೆ. ನಷ್ಟವನ್ನು ನಾನೇ ತುಂಬಿಕೊಡುತ್ತೇನೆ ಎಂದೆ.

ಅವರು ಚಪ್ಪಡಿಯ ಮೇಲೆ ಕೂತರು. "ಅವತ್ತು ನಿಮ್ಗೆ ಬಾಯಿ ಬರ್ನಿಲ್ವಾ ಸಾ?"

"ಬರ್ನಿಲ್ಲ."

"ನನ್ ತಂಗಿನ ಬಸ್ ಅತ್ತುಸಕ್ಕೂ ಓಗ್ನಿಲ್ಲ ನಾನು," ಎಂದು ಅವರು ಎದ್ದು ಒಳಗೆ ಹೋದರು.

ಯಜಮಾನಿ ಹೊರಗೆ ಬಂದರು. ಪ್ಲಾಸ್ಟರ್ ಬಿಚ್ಚಿದ ಕೈ ಸಣ್ಣಗಾಗಿತ್ತು. ನಾನು ಇನ್ನೊಮ್ಮೆ ಎಲ್ಲ ಹೇಳಿದೆ. ಅವರು ನನ್ನನ್ನು ಬೈದರು. ಬೈಯಬೇಕಾದಷ್ಟು ಬೈದರು. ಕೊನೆಗೆ, "ಕ್ಯಾನೂ ಇರ್ಬೋದು ಸಾ. ಆದ್ರೆ ಅವ್ಳು ಒಳಕ್ ಓಗಿದ್ದು ಸುಳ್ಳಾ? ಅವ್ಳೇ ಒಪ್ಕಂಡ್ಳಲ್ಲ," ಎಂದರು. ಒಂದೂವರೆ ತಿಂಗಳು ನಂಬಿದ್ದನ್ನು, ಊರಿಗೆಲ್ಲ ಹೇಳಿದ್ದನ್ನು, ನಾನು ಬಂದು ನಿಂತ ಮಾತ್ರಕ್ಕೆ ಬಿಡಲು ಅವರಿಗೂ ಆಗಲಿಲ್ಲ.

ಮರುದಿನ ಬಂಡಳ್ಳಿಗೆ ಹೋದೆ. ಆಕೆ ಮನೆಮುಂದೆ ಮುಸುಕಿನ ಜೋಳ ಹರವುತ್ತಿದ್ದರು. ನನ್ನನ್ನು ನೋಡಿ, "ಅತ್ತಿಗೆ ಕೈ ಎಂಗದೆ ಸಾ?" ಎಂದು ಮೊದಲು ಕೇಳಿದ್ದು ಅದನ್ನೇ. ಕೈ ವಾಸಿಯಾಗಿದೆ ಎಂದು ಹೇಳಿ, ನಿಂತಲ್ಲೇ ಉಳಿದದ್ದನ್ನೂ ಹೇಳಿ ಮುಗಿಸಿದೆ.

ಆಕೆ ಜೋಳ ಹರವುವುದನ್ನು ನಿಲ್ಲಿಸಿದರು. "ಬೆಟ್ಟಕ್ ಓಗಿ ಮಾದಪ್ಪನ್ಗೆ ತಪ್ಪುಗಾಣ್ಕೆ ಕಟ್ಬುಟ್ಟು ಬಂದೆ ಕಣಣ್ಣ," ಎಂದರು. "ಉಪಾಸ ಇದ್ಕಂಡು ನಡ್ಕಂಡೇ ಓಗಿದ್ದೆ. ಅಷ್ಟು ಜೀವ ನನ್ ಕೈಯಿಂದ ಓಯ್ತು ಅಂತ, ಅಡ್ಡಬಿದ್ದು ಒಪ್ಕಂಡು ಬಂದೆ. ನಂದಲ್ವಾ ಅದು?"

"ನಿಮ್ದಲ್ಲ ಕಣವ್ವ. ನಂದು."

"ಅತ್ತಿಗ್ಗೂ ಏಳುದ್ರಾ?"

"ಏಳ್ದೆ."

"ಏನಂದ್ಲು?"

ಒಂದು ಕ್ಷಣ ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂತು. ಈ ಸಲ ನುಂಗಿಕೊಂಡೆ. ಯಜಮಾನಿ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಅವತ್ತೇ ಅಂದಿದ್ರೆ ನಂಬೋಳು. ಅವತ್ತು ನೀವು ಅಲ್ಲೇ ನಿಂತಿದ್ರಲ್ಲಣ್ಣ," ಎಂದರು. ಅವರು ದನಿ ಏರಿಸಲಿಲ್ಲ. ಒಳಗೆ ಹೋಗಿ ಕಾಫಿ ತಂದುಕೊಟ್ಟರು. ನಾನು ಕುಡಿದೆ. ಬೇಡ ಎನ್ನುವ ಯೋಗ್ಯತೆಯೂ ನನಗಿರಲಿಲ್ಲ.

ಹೋದ ತಿಂಗಳು ಯಜಮಾನರು ಟ್ಯಾಂಕ್ ತೊಳೆಸುವ ವಿಷಯಕ್ಕೆ ಫೋನ್ ಮಾಡಿದ್ದರು. ಮತ್ತೆ ಹುಳು ತಂದಿದ್ದಾರಂತೆ. ತಾವೇ ಬಂಡಳ್ಳಿಗೆ ಹೋಗಿ ತಂಗಿಯನ್ನು ಕರೆತಂದರಂತೆ. ನನಗೆ ಎಷ್ಟು ಹಗುರವಾಯಿತೆಂದರೆ, ಕೂತಿದ್ದವನು ಎದ್ದು ನಿಂತೆ. "ಹಂಗಾರೆ ಎಲ್ಲಾ ಸರೋಯ್ತಲ್ಲ ಯಜಮಾನ್ರೇ?" ಎಂದೆ.

"ಬಂದವ್ಳೆ ಸಾ. ಸೊಪ್ಪು ಕುಯ್ತಾಳೆ, ಒತ್ಕಂಡ್ ಬತ್ತಾಳೆ, ಹುಳುಮನೆ ಬಾಗ್ಲಲ್ಲಿ ಇಳ್ಸಿ ಓಯ್ತಾಳೆ. ಯಾವ್ ದಿನಾನೂ ಒಳಕ್ ಕಾಲಿಡಲ್ಲ." ಅವರೇ ಸೇರಿಸಿದರು, "ಯಾರೂ ಬ್ಯಾಡ ಅಂದಿಲ್ಲ ಸಾ. ಅವ್ಳಾಗ್ ಅವ್ಳೇ ಒಳಕ್ ಬರಲ್ಲ."